ಹಸುಗಳಿಗೆ ಕಾಳು ಒಡೆಯುವ ಗಿರಣಿ: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಕೊಟ್ಟಿಗೆಯಲ್ಲಿ ಏಳು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ಮೂರು ವರ್ಷದ ಹಿಂದೆ 24,000 ರೂಪಾಯಿ ಕೊಟ್ಟು 3 ಎಚ್‌ಪಿಯ ಸಿಂಗಲ್ ಫೇಸ್ ಗಿರಣಿ ತಂದೆವು. ತಂದದ್ದು ಕೋಳಿಗಳ ದೆಸೆಯಿಂದ. ಅಲ್ಲಿಯವರೆಗೆ ಮೆಕ್ಕೆಜೋಳವನ್ನು ನೆನೆಸಿ ಇಡೀ ಕಾಳನ್ನೇ ಹಾಕುತ್ತಿದ್ದೆ. ಬೆಳಗಾದರೆ ಕೋಳಿಗಳು ಸಗಣಿ ಕೆದರಿ ಕಾಳು ಹೆಕ್ಕುತ್ತಿದ್ದವು. ದುಡ್ಡು ಕೊಟ್ಟು ತಂದ ಜೋಳ ಹಸುವಿನ ಹೊಟ್ಟೆ ಸುತ್ತಿ ಕೋಳಿಗೆ ಸೇರುತ್ತಿದೆ ಎಂದು ಹೊಳೆಯಲು ನನಗೆ ಒಂದು ವರ್ಷ ಹಿಡಿಯಿತು.

ಅಂಗಡಿಯವರು ಯಂತ್ರದ ಜೊತೆ 2 ಮಿಲಿಮೀಟರ್ ತೂತಿನ ಜರಡಿ ಮಾತ್ರ ಕೊಟ್ಟು, ನುಣ್ಣಗಾದಷ್ಟೂ ಒಳ್ಳೆಯದು ಎಂದು ಹೇಳಿ ಕಳಿಸಿದರು. ನಾನೂ ನಂಬಿ ರೊಟ್ಟಿ ಹಿಟ್ಟಿನಷ್ಟು ನುಣ್ಣಗೆ ಬೀಸಿ ಹಾಕಿದೆ. ಐದನೆಯ ದಿನ ಹೆಚ್ಚು ಹಾಲು ಕೊಡುವ ಕೆಂದಿ ಮೆಲುಕು ನಿಲ್ಲಿಸಿದಳು. ಸಗಣಿ ಅಂಬಲಿಯಂತೆ ತೆಳ್ಳಗಾಗಿ ನೊರೆ ಕಟ್ಟಿತ್ತು, ಡೈರಿಯಲ್ಲಿ ಫ್ಯಾಟ್ 3.8ರಿಂದ 3.1ಕ್ಕೆ ಇಳಿಯಿತು. ಪಶುವೈದ್ಯರು ಬಂದು ಬಕೆಟ್‌ನಲ್ಲಿದ್ದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಏನಮ್ಮ, ಇದು ರೊಟ್ಟಿ ತಟ್ಟುತ್ತದೆಯೇ?" ಎಂದರು. ಹಿಟ್ಟು ಹೊಟ್ಟೆಯಲ್ಲಿ ಬೇಗ ಹುದುಗಿ ಆಮ್ಲ ಏರುತ್ತದೆ, ಬೇಕಾದದ್ದು ನುಚ್ಚು. ಅಡುಗೆ ಸೋಡಾ ಕುಡಿಸಿ, ಎರಡು ದಿನ ಬರೀ ರಾಗಿ ಹುಲ್ಲು ಹಾಕಿಸಿದರು.

ಆಮೇಲೆ 6 ಮಿಲಿಮೀಟರ್ ಜರಡಿಯನ್ನು ಬೇರೆಯಾಗಿ ಕೊಂಡೆ. ಒಂದು ಕಾಳು ನಾಲ್ಕೈದು ಚೂರಾದರೆ ಸಾಕು. ಬಿಳಿಜೋಳ ಅಗ್ಗಕ್ಕೆ ಸಿಕ್ಕಾಗ ಮಾತ್ರ 3 ಮಿಲಿಮೀಟರ್ ಜರಡಿ ಹಾಕುತ್ತೇನೆ. ಕಾಳು ಚಿಕ್ಕದು, ದೊಡ್ಡ ತೂತಿನಲ್ಲಿ ಇಡಿಯಾಗಿಯೇ ಜಾರುತ್ತದೆ.

100 ಕಿಲೋ ಕೈತಿಂಡಿಗೆ, ಅಂದರೆ ಹುಲ್ಲಿನ ಜೊತೆ ಕೊಡುವ ಕಾಳು-ಹಿಂಡಿಯ ಮಿಶ್ರಣಕ್ಕೆ, ನನ್ನ ಲೆಕ್ಕ ಕಿಲೋಗಳಲ್ಲಿ ಹೀಗೆ: ಮೆಕ್ಕೆಜೋಳದ ನುಚ್ಚು 40, ಗೋಧಿ ಬೂಸಾ 27, ಕಡಲೆಕಾಯಿ ಹಿಂಡಿ 20, ಹತ್ತಿಕಾಳು ಹಿಂಡಿ 10, ಖನಿಜ ಮಿಶ್ರಣ 2, ಉಪ್ಪು 1. ಜೋಳದಲ್ಲಿ ಸಸಾರಜನಕ ಶೇ 9ರ ಆಸುಪಾಸು ಮಾತ್ರ. ಅದಕ್ಕೇ ಹಿಂಡಿ ಬೇಕು. ದಿನಕ್ಕೆ ಹಸುವಿನ ಮೈ ಕಾಪಾಡಲು ಒಂದೂವರೆ ಕಿಲೋ, ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಲೆಕ್ಕ. ಒಂದೇ ಹೊತ್ತಿಗೆ ಸುರಿಯದೆ ಹಂಚಿ ಹಾಕುತ್ತೇನೆ.

ಜೋಳ ಕೊಳ್ಳುವಾಗ ಹಲ್ಲಿನಲ್ಲಿ ಕಚ್ಚಿ ನೋಡುತ್ತೇನೆ. ಟಕ್ಕೆಂದು ಒಡೆಯದಿದ್ದರೆ ಮತ್ತೆರಡು ದಿನ ಬಿಸಿಲು ಕಾಣಬೇಕು. ಬೂಷ್ಟು ಹಿಡಿದ ಹಿಂಡಿ ಎಷ್ಟು ಅಗ್ಗವಾದರೂ ಬೇಡ. ಅದರ ವಿಷ ಹಾಲಿಗೂ ಇಳಿಯುತ್ತದೆ.

ಯಂತ್ರದ ತಕರಾರುಗಳೂ ಇವೆ. ಸದ್ದು ವಿಪರೀತ, ಧೂಳಿಗೆ ಮೂಗು ಕಟ್ಟುತ್ತದೆ. ವೋಲ್ಟೇಜ್ ಬಿದ್ದರೆ ಮೋಟಾರು ಮುಲುಗುತ್ತದೆ, ಹಾಗಾಗಿ ಬೀಸುವುದು ಮಧ್ಯಾಹ್ನವೇ. ಒಮ್ಮೆ ಜೋಳದ ಜೊತೆ ಬಂದ ಮೊಳೆ ಒಳಗೆ ಹೋಗಿ ಜರಡಿ ಹರಿಯಿತು. ಹಸುವಿನ ಹೊಟ್ಟೆಗೆ ಹೋಗಿದ್ದರೆ ಗತಿ? ಈಗ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಗಿರಣಿಯ ಬಾಯಿಗೆ ಕಟ್ಟಿದ್ದೇನೆ. ಹರಿದ ಜರಡಿಯನ್ನು ಮೊದಲು ಪತ್ತೆ ಹಚ್ಚಿದ್ದು ಕೋಳಿಗಳೇ, ಎರಡೇ ದಿನದಲ್ಲಿ ತಿಪ್ಪೆಯ ಸುತ್ತ ಮತ್ತೆ ಸೇರಿದ್ದವು. ಒಳಗಿನ ಸುತ್ತಿಗೆಗಳು ಸವೆದಾಗ ತಿರುಗಿಸಿ ಹಾಕಿದೆ. ಈ ವರ್ಷ ಹೊಸ ಜೊತೆ ಬೇಕು.

ಒಂದೆರಡು ಹಸು ಇದ್ದವರಿಗೆ ಇದು ದಂಡ, ಊರಿನ ಗಿರಣಿಯಲ್ಲೇ ಒಡೆಸಿ. ಐದರ ಮೇಲಿದ್ದರೆ ಕೊಳ್ಳಿ. ದುಡ್ಡು ಕೊಡುವ ಮೊದಲೇ 6 ಮಿಲಿಮೀಟರ್ ಜರಡಿಯನ್ನು ಕೇಳಿ ಪಡೆಯಿರಿ.