ಜಾಲಪುಟಕ್ಕೆ ಸ್ವಂತ ಕರ್ಸರ್: ಸಿಎಸ್ಎಸ್ ಸಾಕೇ, ಜಾವಾಸ್ಕ್ರಿಪ್ಟ್ ಬೇಕೇ?

ಮೌಸಿನ ಬಾಣದ (ಕರ್ಸರ್) ಬದಲು ಪೆನ್ನೋ ಹೂವೋ ಕಾಣಿಸಿದರೆ ಸಾಕೆಂದರೆ ಪುಟದ ನೋಟ ತಿದ್ದುವ ಭಾಷೆಯಾದ ಸಿಎಸ್ಎಸ್ ಆರಿಸಿ. ಹಿನ್ನೆಲೆ ಪಾರದರ್ಶಕವಾಗಿರುವ 32×32 ಪಿಕ್ಸೆಲ್‌ನ ಪಿಎನ್‌ಜಿ ಚಿತ್ರ ಮಾಡಿ, ಸಿಎಸ್ಎಸ್‌ನ ಕರ್ಸರ್ (cursor) ಸಾಲಿನಲ್ಲಿ ಅದರ ವಿಳಾಸ, ಕ್ಲಿಕ್ ಬೀಳಬೇಕಾದ ಬಿಂದು ಎಡದಿಂದ, ಮೇಲಿನಿಂದ ಎಷ್ಟು ಪಿಕ್ಸೆಲ್ ಎಂಬ ಎರಡು ಅಂಕಿ (ಪೆನ್ನಿನ ತುದಿ ಎಡಗೆಳಗಿದ್ದರೆ 0 31), ಕೊನೆಗೆ ಅಲ್ಪವಿರಾಮ ಹಾಕಿ 'ಆಟೋ' (auto) ಬರೆಯಿರಿ. ಹೆಚ್ಚಿನವರು ಎಡವುವುದು ಈ 'ಆಟೋ' ಮರೆತು. ಅದಿಲ್ಲದಿದ್ದರೆ ಬ್ರೌಸರ್ ಇಡೀ ಸಾಲನ್ನೇ ಕಡೆಗಣಿಸುತ್ತದೆ. ಬಿಂದು ಕೊಡದಿದ್ದರೆ ಕ್ಲಿಕ್ ಎಡಮೇಲಿನ ಮೂಲೆಯಲ್ಲಿ ಬೀಳುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ 128×128 ಮೀರಿದ ಚಿತ್ರ ಕಾಣಿಸುವುದೇ ಇಲ್ಲ. ಗೆರೆಗಳಿಂದ ರಚಿಸಿದ ಎಸ್‌ವಿಜಿ ಚಿತ್ರ ಬಳಸುವುದಾದರೆ ಅದರೊಳಗೆ ಅಗಲ, ಎತ್ತರ ನಮೂದಿಸಿ. ಜಿಫ್ ಹಾಕಿ ಕುಣಿತ ನಿರೀಕ್ಷಿಸಬೇಡಿ.

ಕುಣಿತ, ಬಾಲ, ಹಿಗ್ಗುವ ವೃತ್ತ ಬೇಕಿದ್ದರೆ ಮಾತ್ರ ಪುಟಕ್ಕೆ ಚಲನೆ ಕೊಡುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್. ನಿಜ ಕರ್ಸರನ್ನು ಅಡಗಿಸಿ, ಮೌಸ್ ಹೋದಲ್ಲೆಲ್ಲ ಒಂದು ಡಿವ್ (ಪುಟದೊಳಗಿನ ಪೆಟ್ಟಿಗೆಯಂಥ ಭಾಗ) ಓಡಿಸಬೇಕು. ಆ ಡಿವ್‌ಗೆ 'ಪಾಯಿಂಟರ್-ಇವೆಂಟ್ಸ್: ನನ್' (pointer-events: none) ಕೊಡದಿದ್ದರೆ ಕ್ಲಿಕ್ಕೆಲ್ಲ ಅದರ ಮೇಲೇ ಬಿದ್ದು ಕೊಂಡಿಗಳು ಸತ್ತಂತಾಗುತ್ತವೆ. ಡಿವ್‌ನ ಜಾಗ ಬದಲಿಸಲು ಸಿಎಸ್ಎಸ್‌ನ ಲೆಫ್ಟ್ (left), ಟಾಪ್ (top) ಬದಲು ಟ್ರಾನ್ಸ್‌ಫಾರ್ಮ್ (transform) ಬಳಸಿ. ಆದರೂ ಕೈಗಿಂತ ಕೂದಲೆಳೆ ಹಿಂದೆಯೇ ಉಳಿಯುತ್ತದೆ. ಪುಟ ಭಾರವಾದಷ್ಟೂ ಈ ತಡ ಎದ್ದು ಕಾಣುತ್ತದೆ. ಐಫ್ರೇಮ್‌ನಲ್ಲಿ (ಬೇರೆ ಪುಟವನ್ನು ತೋರಿಸುವ ಚೌಕಟ್ಟು) ಕೂರಿಸಿದ ವಿಡಿಯೊ ಮೇಲೆ ಹೋದರೆ ಡಿವ್ ಅಂಚಿನಲ್ಲೇ ನಿಂತುಬಿಡುತ್ತದೆ.

ಎರಡರಲ್ಲೂ ಕೊಂಡಿಗಳಿಗೆ ನಿಯಮ ಬೇರೆಯಾಗಿ ಬರೆಯಬೇಕು, ಇಲ್ಲವಾದರೆ ಹಳೆಯ ಕೈಗುರುತು ಇಣುಕುತ್ತದೆ. ಅರ್ಜಿ ತುಂಬುವ ಪುಟಕ್ಕಂತೂ ಜಾವಾಸ್ಕ್ರಿಪ್ಟ್ ಕರ್ಸರ್ ಬೇಡವೇ ಬೇಡ.