ಕಾಪರ್-ಟಿ 380ಎ: ಹತ್ತು ವರ್ಷದ ವಂಕಿ, ಹರೆಯದವರಿಗೆ ಯಾಕೆ ಅನುಮಾನ?

ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ವಂಕಿ ಇದು. ಟಿ ಆಕಾರದ ಪ್ಲಾಸ್ಟಿಕ್ ಮೇಲೆ 380 ಚದರ ಮಿ.ಮೀ. ತಾಮ್ರ, ಹಾರ್ಮೋನ್ ಇಲ್ಲವೇ ಇಲ್ಲ. ವರ್ಷಕ್ಕೆ 100 ಬಳಕೆದಾರರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ.

ಹೊಸದಾಗಿ ಮದುವೆಯಾದವರು ಮಾತ್ರ ಹತ್ತಿರ ಬರುವುದಿಲ್ಲ. ‘ಮಗುವಾದವರಿಗಷ್ಟೇ’, ‘ಆಮೇಲೆ ಗರ್ಭ ನಿಲ್ಲೋದಿಲ್ಲ’ ಎಂಬ ಮಾತು ಮನೆಯಲ್ಲೇ ಹುಟ್ಟುತ್ತದೆ. ಎರಡೂ ತಪ್ಪು. ಹೆರದವರೂ ಹಾಕಿಸಿಕೊಳ್ಳಬಹುದು, ತೆಗೆಸಿದ ಕೂಡಲೇ ಗರ್ಭಧಾರಣೆ ಸಾಧ್ಯ. ತಡವಾಗುವುದು ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದಿನಲ್ಲಿ, ಅದನ್ನು ಯಾರೂ ಹೇಳುವುದಿಲ್ಲ!

ಹಾಕುವ ಮೊದಲು ಗರ್ಭ, ಸೋಂಕು, ಕಾರಣ ತಿಳಿಯದ ರಕ್ತಸ್ರಾವ ಇಲ್ಲವೆಂದು ನೋಡಬೇಕು. ಗರ್ಭಕೋಶದ ಆಳ ಅಳೆದು, ವಂಕಿ ಇರುವ ಕೊಳವೆಯನ್ನು ಆ ಅಳತೆಗೆ ಹೊಂದಿಸಿ, ತುದಿ ಮುಟ್ಟಿದ ಮೇಲೆ ಕೊಳವೆಯನ್ನೇ ಹಿಂದೆಳೆಯುತ್ತಾರೆ. ವಂಕಿಯನ್ನು ಮುಂದಕ್ಕೆ ತಳ್ಳಿದರೆ ಗೋಡೆ ತೂತಾಗುವ ಅಪಾಯ ಹೆಚ್ಚು. ಕೆಲವೇ ನಿಮಿಷದ ಕೆಲಸ. ಹೆರದವರಿಗೆ ನೋವು ತುಸು ಜಾಸ್ತಿ, ನೋವಿನ ಮಾತ್ರೆ ಕೇಳಿ ಪಡೆಯಿರಿ.

ನಿಜವಾದ ಕೊರತೆ ಮೊದಲ 3ರಿಂದ 6 ತಿಂಗಳದ್ದು: ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚುತ್ತದೆ. ರಕ್ತಹೀನತೆ ಇರುವವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ತಾನಾಗಿ ಜಾರಿ ಬೀಳುವುದೂ ಹೆಚ್ಚಾಗಿ ಮೊದಲ ವರ್ಷದಲ್ಲೇ. ವಂಕಿಯ ತುದಿಯಿಂದ ಇಳಿಬಿಟ್ಟ ದಾರ ಕೈಗೆ ಸಿಗದಿದ್ದರೆ, ಅಥವಾ ಮೊದಲಿಗಿಂತ ಉದ್ದವೆನಿಸಿದರೆ, ಪರೀಕ್ಷೆಯಾಗುವವರೆಗೆ ಕಾಂಡೋಮ್ ಬೇಕು. ಲೈಂಗಿಕ ಸೋಂಕಿನಿಂದ ವಂಕಿ ಕಾಯುವುದಿಲ್ಲ, ಅದಕ್ಕೂ ಕಾಂಡೋಮೇ.

ಹಾಕಿದ ದಿನಾಂಕ ಬರೆದ ಕಾರ್ಡ್ ಕೇಳದೆ ಹೊರಬರಬೇಡಿ.