ಮಕ್ಕಳ ಜಿಪಿಎಸ್ ಕೈಗಡಿಯಾರ: ಬಯಲಿಗೆ ಸರಿ, ಓಣಿಗೆ ಸಾಲದು

ವಿಜಯಪುರದ ಅಂಗಡಿಯೊಂದರಲ್ಲಿ ಮಗಳಿಗಾಗಿ ಕೊಂಡ ಈ ಕೈಗಡಿಯಾರದಲ್ಲಿ ಚಲನೆಯನ್ನು ಅಳೆಯುವ ಆಕ್ಸೆಲೆರೋಮೀಟರ್ ಹಾಗೂ ಜಿಪಿಎಸ್ ಎರಡೂ ಇರುವುದರಿಂದ, ಮಗು ಎಷ್ಟು ಓಡಾಡಿತು ಎಂಬುದರ ಜೊತೆಗೆ ಎಲ್ಲಿ ಓಡಾಡಿತು ಎಂಬುದೂ ತಿಳಿಯುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಅಳೆಯಲು ಇದರ ಹೆಜ್ಜೆಯೆಣಿಕೆಯೊಂದೇ ಸಾಲದು. ಕುಂಟೆಬಿಲ್ಲೆಯ ಜಿಗಿತ ಚೆನ್ನಾಗಿ ದಾಖಲಾಗುತ್ತದೆ. ಆದರೆ ಸೈಕಲ್ ತುಳಿಯುವಾಗ ಹ್ಯಾಂಡಲ್ ಹಿಡಿದ ಕೈ ಹೆಚ್ಚು ಅಲುಗಾಡದ ಕಾರಣ, ಮಗುವಿಗೆ ಏದುಸಿರು ಬಂದರೂ ಗಡಿಯಾರದ ಪಾಲಿಗೆ ಅದು ವಿಶ್ರಾಂತಿಯೇ.

ಗೋಳಗುಮ್ಮಟದ ಸುತ್ತಲಿನ ಹುಲ್ಲುಹಾಸಿನಲ್ಲಿ ನಕ್ಷೆಯ ಚುಕ್ಕಿ ಅವಳ ಬೆನ್ನಿಗೇ ಇತ್ತು. ಹಳೆಯ ಊರಿನ ಇಕ್ಕಟ್ಟಾದ ಓಣಿಗಳಲ್ಲಿ ಮಾತ್ರ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ, ಅವಳು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಾಗಲೂ ಚುಕ್ಕಿ ಹಿಂದಿನ ಓಣಿಯ ಹಿಟ್ಟಿನ ಗಿರಣಿಯನ್ನು ತೋರಿಸಿತು. ಜಿಪಿಎಸ್ ಸದಾ ಚಾಲೂ ಇಟ್ಟರೆ ಬ್ಯಾಟರಿ ಸಂಜೆಯವರೆಗೂ ಬಾರದು. ಬಿಟ್ಟು ಬಿಟ್ಟು ಗುರುತಿಸುವಂತೆ ಹೊಂದಿಸಿದರೆ ನಡುವಿನ ದಾರಿಯನ್ನು ಊಹಿಸಿಕೊಳ್ಳಬೇಕು. ಬೆಲ್ಟ್ ಗಟ್ಟಿಯಾಗಿದೆ.

ನನಗೆ ಒಪ್ಪಿಗೆಯಾಗದ್ದು ಇದರ ಆ್ಯಪ್. 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತಿರುವಾಗ, ಇದು ನನ್ನಿಂದ ಕೇಳಿದ್ದು ಒಂದು ಟಿಕ್ ಗುರುತನ್ನಷ್ಟೇ.